ಒಳ್ಳೇ ದೇಶ ಅಂದುಬಿಟ್ಟ ಮೇಷ್ಟ್ರು

ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ ಕೂತಿದ್ದರು. ಒಳಗಿದ್ದ ಒಂದೇ ಯಂತ್ರ ದೊಡ್ಡ ದೇಶವೊಂದರ ಕೊಡುಗೆ. ಆ ದೇಶದ ಪರವಾಗಿ ಜನಾಭಿಪ್ರಾಯ ಕೇಳಲು ಬಂದಿದ್ದಾಕೆ ಆಗಷ್ಟೇ ಎದ್ದು ಹೋಗಿದ್ದಳು.

“ಏನಂದ್ರಿ ಅವಳಿಗೆ?” ಹೆಂಡತಿ ಕೇಳಿದರು.

“ತುಂಬಾ ಒಳ್ಳೇ ದೇಶ ಅಂದೆ.”

“ಮುಗೀತು. ಇನ್ನೊಂದು ಯಂತ್ರ ಬರೋದನ್ನ ತಪ್ಪಿಸಿದ್ರಿ.”

“ಹೊಗಳಿದ್ರೆ ತಪ್ಪೇನೇ?”

“ಒಲಿದವರಿಗೆ ಯಾರ್ರೀ ಖರ್ಚು ಮಾಡ್ತಾರೆ? ಪಕ್ಕದ ದೇಶದವರು ಬೈದ್ರು, ಅವರಿಗೆ ಇಡೀ ಆಸ್ಪತ್ರೇನೇ ಬಂತು.”

“ನಿನ್ನ ತಮ್ಮನ ಥರ ಮೂತಿ ಊದಿಸ್ಕೊಂಡಿರಬೇಕಿತ್ತಾ?”

“ಅವನಿಗೇ ತಾನೇ ನೀವು ವಾಚ್ ಕೊಡಿಸಿದ್ದು?”

ಮೇಷ್ಟ್ರು ಕೋಣೆಯ ಬಾಗಿಲ ಕಡೆ ತಿರುಗಿದರು. ಹೆಂಡತಿ ಬಿಡಲಿಲ್ಲ.

“ನಿಮಗೆ ವಾರಕ್ಕೆ ಎರಡು ಸಲ ಬೇಕು ಅಂತಾರೆ ಡಾಕ್ಟರು. ಸಿಗ್ತಿರೋದು ಒಂದೇ ಸರದಿ.”

ನರ್ಸ್ ಕರೆದಳು. ಇಬ್ಬರೂ ಎದ್ದರು.

“ಯಂತ್ರದ ಮೇಲೆ ಅವರ ಬಾವುಟ ಇದೆ. ಕ್ಯಾಮೆರಾನೂ ಇರಬಹುದು. ಮುಖ ಗಂಟು ಹಾಕ್ಕೊಂಡೇ ಮಲಗಿ.”