ಸದ್ದು ಮಾಡದ ಇಂಜಿನ್ನು

ಒಂದೂರಲ್ಲಿ ಒಬ್ಬ ಕಾಂಪೌಂಡರ್ ಇದ್ದ. ಮನುಷ್ಯರ ದವಾಖಾನೆಯವನಲ್ಲ, ದನದ ದವಾಖಾನೆಯವನು. ಹೆಸರು ದ್ಯಾಮಣ್ಣ. ಶ್ರೀಮಂತನ ಕಥೆ ಹೇಳುತ್ತೇನೆಂದು ಕಾಯುತ್ತಿದ್ದಿರೇನು? ಇವನ ಬಳಿ ಇದ್ದ ಸಿರಿ ಒಂದೇ ಒಂದು ಪುಟ್ಟ ಮೋಟಾರ್ ಸೈಕಲ್ಲು. ಆದರೆ ಅದರ ಮೇಲೆ ಅವನಿಗಿದ್ದ ಅಭಿಮಾನ ಯಾವ ಶ್ರೀಮಂತನಿಗೂ ತನ್ನ ಬಂಗಲೆಯ ಮೇಲೆ ಇದ್ದಿರಲಾರದು. "ನನ್ನ ಗಾಡಿ ಚಾಲೂ ಇದ್ರೂ ಸದ್ದ ಕೇಳೂದಿಲ್ಲ, ನೋಡ್ರಿ" ಎಂದು ಕಂಡಕಂಡವರಿಗೆ ಹೇಳುತ್ತಿದ್ದ.

ಅಂಥ ಗಾಡಿಗೆ ಒಂದು ರೋಗ ಬಂತು. ನೋಡಿ, ವಿಚಿತ್ರ ರೋಗ! ಬೆಳಿಗ್ಗೆ ಒಂದೇ ಕಿಕ್ಕಿಗೆ ಚಾಲೂ. ಊರೊಳಗೆ ಕುದುರೆಯ ಹಾಗೆ ಓಟ. ಊರು ದಾಟಿ ಗಾಳಿಗುಡ್ಡದ ಏರು ಹತ್ತಬೇಕು, ಇಂಜಿನ್ನು ಬಿಸಿಯಾಗಬೇಕು, ಅಷ್ಟೇ. ಗಾಡಿಯ ಉಸಿರು ಕಟ್ಟುತ್ತಿತ್ತು. ಎಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಜಗ್ಗುತ್ತಿರಲಿಲ್ಲ. ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ, ಕೊನೆಗೆ ನಿಂತೇ ಬಿಡುತ್ತಿತ್ತು. ಹೊತ್ತು ಕಳೆದು ತಣ್ಣಗಾದರೆ ಮತ್ತೆ ಕುದುರೆ!

ದ್ಯಾಮಣ್ಣ ಮೆಕ್ಯಾನಿಕ್ ಪರಸಪ್ಪನ ಹತ್ತಿರ ಒಯ್ದ. ಗ್ಯಾರೇಜು ದ್ಯಾಮಣ್ಣನ ಮನೆಯ ಪಕ್ಕದಲ್ಲೇ. ಅಷ್ಟು ದೂರಕ್ಕೆ ಇಂಜಿನ್ನು ಬೆಚ್ಚಗೂ ಆಗುವುದಿಲ್ಲ. ಅಲ್ಲಿ ನಿಂತು ನೋಡಿದರೆ ಗಾಡಿಗೆ ಏನೂ ಆಗಿಲ್ಲ! ಆದರೂ ಪರಸಪ್ಪ ಪ್ಲಗ್ಗು ಬದಲಿಸಿದ, ಕಾರ್ಬುರೇಟರ್ ತೊಳೆದ, ಕ್ಲಚ್ ಪ್ಲೇಟು ಹೊಸದು ಹಾಕಿದ. ಗುಡ್ಡ ಹತ್ತಿದರೆ ಅದೇ ಹಾಡು. ಮೂರನೇ ಸಲ ಬಂದಾಗ ದ್ಯಾಮಣ್ಣ ಹತ್ತು ಜನರ ಎದುರು ಕೂಗಾಡಿದ. "ನಿನಗ ಪಾನಾ, ಸ್ಕ್ರೂಡ್ರೈವರ್ ಹಿಡಿಯಾಕ ಬರೂದಿಲ್ಲ. ಗ್ಯಾರೇಜ್ ಮುಚ್ಚಿ ಎಮ್ಮಿ ಕಾಯಿ, ಹೋಗು!" ಪರಸಪ್ಪ ಏನೋ ಹೇಳಲು ಬಾಯಿ ತೆರೆದ. "ಬಾಯಿ ಮುಚ್ಚು" ಎಂದ ದ್ಯಾಮಣ್ಣ. ಪರಸಪ್ಪ ಕೈ ಒರೆಸಿಕೊಂಡು ಒಳಗೆ ಹೋದ.

ಒಂದು ದಿನ ಬಿರುಬಿಸಿಲಿನ ಮಧ್ಯಾಹ್ನ ಗಾಳಿಗುಡ್ಡದ ಮೇಲಿನ ಹಟ್ಟಿಯಿಂದ ತುಳಜವ್ವ ಎಂಬ ಹೆಂಗಸು ಫೋನು ಮಾಡಿದಳು.

"ಎಮ್ಮಿ ಮುಂಜಾನಿಂದ ತಿಣಕಾಕತ್ತೈತ್ರಿ. ಕರುವಿನ ಒಂದ ಕಾಲು ಹೊರಗ ಬಂದೈತಿ, ಇನ್ನೊಂದು ಕಾಣವಲ್ದು. ಜಲ್ದಿ ಬರ್ರಿ, ಯಪ್ಪಾ!"

ಡಾಕ್ಟರು ಪಕ್ಕದ ತಾಲ್ಲೂಕಿಗೆ ಹೋಗಿದ್ದರು. ದ್ಯಾಮಣ್ಣ ಚೀಲ ಹೆಗಲಿಗೆ ಹಾಕಿದ, ಔಷಧಿ ಬಾಟಲಿಗಳನ್ನು ಗಾಡಿಯ ಪಕ್ಕದ ಡಬ್ಬಿಗೆ ತುಂಬಿದ, ಹೊರಟ. ಅರ್ಧ ಗುಡ್ಡ ಹತ್ತಿದ್ದ. ಎಲ್ಲಿ ನಿಲ್ಲಬಾರದೋ ಅಲ್ಲೇ ಗಾಡಿ ನಿಂತಿತು!

ನಿಂತದ್ದು ಹುಸೇನಬಿಯ ಹಿಟ್ಟಿನ ಗಿರಣಿಯ ಎದುರಿಗೆ. ಗಂಡ ತೀರಿಕೊಂಡ ಮೇಲೆ ಆಕೆಯೇ ಗಿರಣಿ ನಡೆಸುತ್ತಿದ್ದಳು. ಹಳೆಯ ಡೀಸೆಲ್ ಇಂಜಿನ್ನು ಕೆಟ್ಟರೆ ಆಕೆಯೇ ಬಿಚ್ಚಿ, ಆಕೆಯೇ ಕೂಡಿಸುತ್ತಿದ್ದಳು. ದ್ಯಾಮಣ್ಣ ಗಾಡಿಗೂ ಪರಸಪ್ಪನಿಗೂ ಸೇರಿಸಿ ಬೈಯುತ್ತಾ ಕಿಕ್ಕು ಹೊಡೆಯುವುದನ್ನು ಕಂಡು ಹೊರಗೆ ಬಂದಳು. ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು.

"ಬೈದ್ರ ಗಾಡಿ ಏರೂದಿಲ್ರಿ, ಅಣ್ಣಾರ. ಅತ್ತ ಸರೀರಿ, ನೋಡೂಣು. ರೋಗ ಇದ್ದಾಗ ನೋಡಿದ್ರನ ರೋಗ ಸಿಗತೈತಿ."

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಕಿವಿಗೊಟ್ಟಳು. "ಗಾಳಿ ಕಟ್ಟಿಲ್ಲ, ಪೆಟ್ರೋಲ್ ಇಳೀತೈತಿ." ಸ್ಟ್ಯಾಂಡ್ ಹಾಕಿ ಹಿಂದಿನ ಗಾಲಿ ತಿರುಗಿಸಿದಳು. ಸರಾಗವಾಗಿ ತಿರುಗಿತು. "ಬ್ರೇಕ್ ಹಿಡಿದಿಲ್ಲ." ಬಟ್ಟೆ ಸುತ್ತಿ ಪ್ಲಗ್ಗು ಬಿಚ್ಚಿ, ಇಂಜಿನ್ನಿಗೆ ತಾಗಿಸಿ ಹಿಡಿದು ಕಿಕ್ಕು ಹೊಡೆದು ನೋಡಿದಳು. ನೀಲಿ ಕಿಡಿ! "ಕಿಡಿನೂ ಛಲೋ ಐತಿ." ಪ್ಲಗ್ಗು ತಿರುಗಿ ಕೂಡಿಸಿ ಕಿಕ್ಕಿನ ಮೇಲೆ ಮೆಲ್ಲಗೆ ಕಾಲಿಟ್ಟಳು. ಕಿಕ್ಕು ಬೆಣ್ಣೆಯಲ್ಲಿ ಇಳಿದಂತೆ ಇಳಿದು ಹೋಯಿತು.

"ಮುಂಜಾನಿನೂ ಹಿಂಗ ಹಗುರ ಇತ್ತೇನ್ರಿ?"

"ಎಲ್ಲಿ ಹಗುರ? ಮುಂಜಾನಿ ಕಾಲಿಗೆ ತಿರುಗಿ ಒದೀತೈತಿ."

ಹುಸೇನಬಿ ಚಪ್ಪಾಳೆ ತಟ್ಟಿದಳು, ಹಿಟ್ಟು ಹಾರಿತು. "ಸಿಕ್ತು! ಸಿಕ್ತು ನೋಡ್ರಿ! ಒಳಗ ಬಾಗಿಲಿದ್ದಂಗ ಎರಡು ವಾಲ್ವ್ ಅದಾವ. ಬಿಸಿಯಾದ್ರ ಕಬ್ಬಿಣ ಬೆಳೀತೈತಿ. ಬೆಳಿಯಾಕ ಒಂದು ಕೂದಲೆಳಿಯಷ್ಟು ಸಂದು ಬಿಟ್ಟಿರಬೇಕು. ನಿಮ್ಮ ಗಾಡ್ಯಾಗ ಆ ಸಂದು ಇಲ್ಲ. ತಣ್ಣಗಿದ್ದಾಗ ಬಾಗಿಲು ಮುಚ್ಚತೈತಿ, ಬಿಸಿಯಾದಾಗ ಮುಚ್ಚೂದಿಲ್ಲ. ಜೋರೆಲ್ಲಾ ಸೋರಿ ಹೋಗತೈತಿ. ಸಂದು ಇದ್ದ ಗಾಡಿ ಸ್ವಲ್ಪ ಟಿಕ್ ಟಿಕ್ ಅಂತೈತ್ರಿ, ಅನ್ನಬೇಕು. ಯಾರು ಇದನ್ನ ಇಷ್ಟು ಬಿಗಿ ಮಾಡಿದವರು?"

ಪರಸಪ್ಪ ಎನ್ನಲು ದ್ಯಾಮಣ್ಣ ಬಾಯಿ ತೆರೆದ. ಅಷ್ಟರಲ್ಲಿ ನಾಲ್ಕು ತಿಂಗಳ ಹಿಂದೆ ಗ್ಯಾರೇಜಿನಲ್ಲಿ ತಾನೇ ಆಡಿದ ಮಾತು ನೆನಪಾಯಿತು. "ಈ ಟಿಕ್ ಟಿಕ್ ನನ್ನ ತಲಿ ತಿಂತೈತಿ. ಬಿಗಿ ಮಾಡು." "ಅಣ್ಣಾರ, ಅಷ್ಟು ಸದ್ದು ಇರಬೇಕ್ರಿ" ಎಂದಿದ್ದ ಪರಸಪ್ಪ. "ನನಗ ಕಲಸ್ತೀಯೇನು? ಬಿಗಿ ಮಾಡಂದ್ರ ಬಿಗಿ ಮಾಡು!" ಆಮೇಲೆ ಪರಸಪ್ಪ ಬಾಯಿ ತೆರೆದಾಗಲೆಲ್ಲ ಮುಚ್ಚಿಸಿದವನು ಯಾರು? ಇದೇ ದ್ಯಾಮಣ್ಣ.

"ನಾನ ಮಾಡಸಿದ್ದು" ಎಂದ, ನೆಲ ನೋಡುತ್ತಾ. ಆಮೇಲೆ ತಟ್ಟನೆ ತಲೆಯೆತ್ತಿದ. "ಈಗ ಸಡ್ಲ ಮಾಡವ್ವಾ! ಎಮ್ಮಿ ಸಾಯತೈತಿ ಅಲ್ಲಿ!"

"ಬಿಸಿ ಇದ್ದಾಗ ಮುಟ್ಟಬಾರದ್ರಿ. ಅಳತಿ ತಪ್ಪತೈತಿ. ತಣ್ಣಗಾಗಲಿ. ನೀವು ನಡೀರಿ."

ದ್ಯಾಮಣ್ಣ ಓಡಿದ. ಐವತ್ತು ದಾಟಿದ ಮನುಷ್ಯ, ಎರಡು ಕಿಲೋಮೀಟರು ಏರು! ಹಟ್ಟಿ ಮುಟ್ಟಿದಾಗ ಅಂಗಿ ಹಿಂಡಿದರೆ ನೀರು. ತುಳಜವ್ವ ಎಮ್ಮೆಯ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಅವನು ಕೈ ತೊಳೆದು, ಎಣ್ಣೆ ಹಚ್ಚಿ, ಒಳಗೆ ಕೈ ಹಾಕಿದ. ಕರುವಿನ ಇನ್ನೊಂದು ಕಾಲು ಮಂಡಿ ಮಡಿಸಿಕೊಂಡು ಹಿಂದಕ್ಕೆ ಸಿಕ್ಕಿತ್ತು. ಎಮ್ಮೆ ತಿಣುಕಿದಾಗ ತಡೆದ, ಬಿಟ್ಟಾಗ ಕರುವನ್ನು ಒಳಕ್ಕೆ ನೂಕಿದ. ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಇಷ್ಟಿಷ್ಟೇ ಎಳೆದ. ಕಾಲು ನೆಟ್ಟಗಾಯಿತು!

"ಜಗ್ಗವ್ವಾ! ಅದು ತಿಣುಕಿದಾಗ ಜಗ್ಗು, ಬಿಟ್ಟಾಗ ಬಿಡು!"

ಇಬ್ಬರೂ ಜಗ್ಗಿದರು. ಕರು ಧೊಪ್ಪೆಂದು ಹುಲ್ಲಿನ ಮೇಲೆ ಬಿತ್ತು. ಉಸಿರಿಲ್ಲ. ಮೂಗಿನ ಲೋಳೆ ಒರೆಸಿ, ಹುಲ್ಲುಕಡ್ಡಿಯಿಂದ ಮೂಗಿನೊಳಗೆ ಕಚಗುಳಿ ಇಟ್ಟ. ಒಂದು ಸಲ, ಎರಡು ಸಲ. ಮೂರನೆಯ ಸಲ ಕರು ಸೀನಿತು!

ಆದರೆ ಎಮ್ಮೆ ಏಳಲಿಲ್ಲ. ಏಳಹೋಗಿ ಕುಸಿಯಿತು. ಕತ್ತು ಪಕ್ಕೆಗೆ ತಿರುಗಿತು, ಕಿವಿ ತಣ್ಣಗಾಯಿತು. ಮೈಯ ಸುಣ್ಣದ ಸತ್ವವೆಲ್ಲ ಹಾಲಿಗೆ ಇಳಿದು ಹೀಗಾಗುತ್ತದೆ. ತಕ್ಷಣ ನರಕ್ಕೆ ಕ್ಯಾಲ್ಸಿಯಂ ಕೊಡಬೇಕು. ದ್ಯಾಮಣ್ಣ ಚೀಲಕ್ಕೆ ಕೈ ಹಾಕಿದ. ಸೂಜಿ ಇದೆ, ಕೊಳವೆ ಇದೆ, ಬಾಟಲಿ ಇಲ್ಲ. ಬಾಟಲಿ ಗಾಡಿಯ ಡಬ್ಬಿಯಲ್ಲೇ ಉಳಿದಿತ್ತು! ಇಳಿದು ಮತ್ತೆ ಹತ್ತುವಷ್ಟರಲ್ಲಿ ಎಮ್ಮೆ ಇರುತ್ತದೆಯೇ? ಆದರೂ ಎದ್ದ, ಇಳಿಜಾರಿಗೆ ಓಡಿದ.

ನೂರು ಹೆಜ್ಜೆ ಹೋಗಿರಲಿಲ್ಲ. ಕೆಳಗಿನ ತಿರುವಿನಿಂದ ಒಂದು ಸದ್ದು ಏರಿ ಬರುತ್ತಿತ್ತು. ಟಿಕ್ ಟಿಕ್ ಟಿಕ್ ಟಿಕ್! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹುಸೇನಬಿ, ಎಲ್ಲೂ ಉಸಿರು ಕಟ್ಟದ ಗಾಡಿ!

"ತಣ್ಣಗಾತು, ಸಂದು ಬಿಟ್ಟೆ, ಏರಿನ ಮ್ಯಾಲ ಪರೀಕ್ಷಾ ಮಾಡೂಣು ಅಂತ ಬಂದೆ. ಯಾಕ್ರಿ, ಯಾಕ ಓಡಾಕತ್ತೀರಿ?"

ದ್ಯಾಮಣ್ಣ ಡಬ್ಬಿಯಿಂದ ಬಾಟಲಿ ತೆಗೆದ, ಹಟ್ಟಿಗೆ ಓಡಿದ. ಹುಸೇನಬಿ ಬಾಟಲಿ ಎತ್ತಿ ಹಿಡಿದಳು. ಹನಿ ಹನಿಯಾಗಿ ಔಷಧಿ ಇಳಿಯಿತು. ಅರ್ಧ ಗಂಟೆಯಾದ ಮೇಲೆ ಎಮ್ಮೆ ಕಿವಿ ಒದರಿತು. ಮುಂಗಾಲು ಊರಿತು. ಎದ್ದು ನಿಂತಿತು, ನೋಡಿ! ಎದ್ದು, ತಿರುಗಿ, ಕರುವನ್ನು ನೆಕ್ಕತೊಡಗಿತು. ತುಳಜವ್ವ ಒಮ್ಮೆ ಹುಸೇನಬಿಯನ್ನು ತಬ್ಬುವಳು, ಒಮ್ಮೆ ಎಮ್ಮೆಯನ್ನು ತಬ್ಬುವಳು.

ದ್ಯಾಮಣ್ಣ ಗುಡ್ಡ ಇಳಿದವನು ನೆಟ್ಟಗೆ ಗ್ಯಾರೇಜಿಗೆ ಹೋದ. ಅಲ್ಲಿ ಜನ ಇದ್ದರು. ಇರಲಿ ಎಂದುಕೊಂಡ. ಬೈದದ್ದು ಜನರ ಎದುರಿಗೇ ಅಲ್ಲವೇ? "ಪರಸಪ್ಪಾ, ತಪ್ಪು ನಂದು. ಅವತ್ತು ನೀ ಏನೋ ಹೇಳಾಕ ಬಂದಿದ್ದಿ. ಏನದು? ಈಗ ಹೇಳು."

ಪರಸಪ್ಪ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. ಆಮೇಲೆ ಒಂದು ಸ್ಟೂಲು ಎಳೆದು ಹಾಕಿದ. "ಕುಂಡ್ರಿ, ಹೇಳ್ತೀನಿ."

ಇದು ಗಾಡಿಯ ಕಥೆ ಎಂದುಕೊಂಡು ನಗುತ್ತಿದ್ದೀರಿ. ನಗಿ. ಈಗ ನಿಮ್ಮನ್ನೇ ಕೇಳುತ್ತೇನೆ. ಇಲ್ಲಿ, ಈ ಚಪ್ಪರದ ನೆರಳಿನಲ್ಲಿ, ಎಲ್ಲರೂ ಎಷ್ಟು ಚೆನ್ನಾಗಿ ಓಡುತ್ತಿದ್ದೀರಿ! ಕೈ ಮುಗಿದಿದ್ದೀರಿ, ಕಣ್ಣು ಮುಚ್ಚಿದ್ದೀರಿ. ತಣ್ಣಗಿರುವಾಗ ಯಾವ ಗಾಡಿ ಓಡುವುದಿಲ್ಲ? ಮನೆಗೆ ಹೋದ ಮೇಲೆ, ಸಾರಿಗೆ ಉಪ್ಪು ಹೆಚ್ಚಾದಾಗ, ಮಗ ಎದುರು ಮಾತಾಡಿದಾಗ, ಬಿಸಿ ಏರಿದಾಗ ನಿಮ್ಮ ಶಕ್ತಿ ಎಲ್ಲಿ ಸೋರಿ ಹೋಗುತ್ತದೆ?

"ನಮ್ಮ ಮನೆಯಲ್ಲಿ ಒಂದು ಸದ್ದಿಲ್ಲ, ಬುದ್ಧಿ" ಎಂದು ಹೆಮ್ಮೆಯಿಂದ ಹೇಳುವ ಯಜಮಾನರು ಇಲ್ಲಿ ಎಷ್ಟು ಜನ ಇದ್ದೀರಿ! ಯಾಕೆ ಸದ್ದಿಲ್ಲ? ಸೊಸೆಯ ಸಣ್ಣ ಗೊಣಗಾಟವನ್ನು ಬಿಗಿ ಮಾಡಿದಿರಿ. ಹೆಂಡತಿಯ "ಹಾಗಲ್ಲ, ಕೇಳಿ" ಎಂಬುದನ್ನು ಬಿಗಿ ಮಾಡಿದಿರಿ. ಕೂಲಿಯವನ "ಯಜಮಾನರೇ, ಒಂದು ಮಾತು" ಎಂಬುದನ್ನು ಬಿಗಿ ಮಾಡಿದಿರಿ. ಅತ್ತೆಯರೇ, ತಾಯಂದಿರೇ, ನೀವೂ ಅಷ್ಟೇ, ನಗಬೇಡಿ. ಅದು ಶಾಂತಿಯಲ್ಲ. ಕಷ್ಟದ ಏರು ಬಂದಾಗ ಅಂಥ ಮನೆ ಅರ್ಧದಲ್ಲೇ ನಿಲ್ಲುತ್ತದೆ.

ಸಿಟ್ಟು ಏರಿದಾಗ ಸರಿಮಾಡಲು ಹೋಗಬೇಡಿ, ಅಳತೆ ತಪ್ಪುತ್ತದೆ. ನಾಳೆ ಬೆಳಿಗ್ಗೆ ತಣ್ಣಗಿರುವಾಗ, ನೀವು ಬಾಯಿ ಮುಚ್ಚಿಸಿದ ಒಬ್ಬರ ಹತ್ತಿರ ಹೋಗಿ. ಒಬ್ಬರೇ ಸಾಕು. "ಅವತ್ತು ನೀನು ಏನೋ ಹೇಳಲು ಬಂದಿದ್ದೆ, ಏನದು?" ಎಂದು ಕೇಳಿ. ಕೇಳಿ, ಕುಳಿತುಕೊಳ್ಳಿ. ನಡುವೆ ಬಾಯಿ ಹಾಕಬೇಡಿ, ಸಮಜಾಯಿಷಿ ಕೊಡಬೇಡಿ. ಅವರ ಮಾತು ಮುಗಿಯುವ ತನಕ ನಿಮ್ಮ ನಾಷ್ಟಾ ತಟ್ಟೆ ಮುಚ್ಚಿಯೇ ಇರಲಿ.