ಅಳತೆಗೆ ತಂದ ಗೌನು

ಬಾವಿ ಇಲ್ಲ, ಆಲದಮರ ಇಲ್ಲ, ಈ ಹಾಲೆಂಡಲ್ಲಿ ದೆವ್ವ ಎಲ್ಲಿ ಕೂತ್ಕೊಳ್ಳುತ್ತೆ ಅಂತ ನಗಬೇಡಿ. ಆ ಲೈಟು ಸ್ವಲ್ಪ ಕಮ್ಮಿ ಮಾಡಿ, ಹೇಳ್ತೀನಿ. ನಮ್ಮ ಪಕ್ಕದ ಮನೆ ಅಕ್ಷಯಾಗೇ ಆಗಿದ್ದು. ಹೋದ ಡಿಸೆಂಬರಲ್ಲಿ, ಇದೇ ಆಮರ್ಸ್‌ಫೋರ್ಟಲ್ಲಿ.

ಸಂಜೆ ಐದಕ್ಕೇ ಕಗ್ಗತ್ತಲು. ಅಕ್ಷಯಾ ಕಾಲುವೆ ಪಕ್ಕ ಮನೆಗೆ ನಡೀತಿದ್ಲು, ಕೈಯಲ್ಲೊಂದು ಚೀಲ. ಹಿಂದೆ ಏನೋ ಸದ್ದು... ಸರಕ್... ಸರಕ್... ಉದ್ದನೆ ಲಂಗ ಒದ್ದೆ ರಸ್ತೆ ಮೇಲೆ ಎಳ್ಕೊಂಡು ಬಂದಂಗೆ. ಇವಳು ನಿಂತ್ರೆ ಅದೂ ನಿಲ್ಲುತ್ತೆ. ತಿರುಗಿ ನೋಡಿದ್ಲು... ಯಾರೂ ಇಲ್ಲ.

ಚೀಲದಲ್ಲಿದ್ದಿದ್ದು ಒಂದು ಹಳೇ ಗೌನು. ಅಕ್ಷಯಾ ಹುಬ್ಬಳ್ಳಿಯಲ್ಲಿ ಬ್ಲೌಸ್ ಹೊಲಿದು ಹೆಸರು ಮಾಡಿದೋಳು. ಗಂಡ ಈಶಾನನ ಜೊತೆ ಬಂದು ಇಲ್ಲಿ ಮೂರು ವರ್ಷ ಕೈಕಟ್ಟಿ ಕೂತು ರೋಸಿಹೋಗಿದ್ಲು. ಕೊನೆಗೆ ಒಂದು ನಾಟಕದ ತಂಡದ ಬಟ್ಟೆ ಕೋಣೆಯಲ್ಲಿ ಕೆಲಸ ಇದೆ ಅಂತ ಗೊತ್ತಾಯ್ತು. ಅದನ್ನ ನೋಡ್ಕೊಳ್ಳೋ ಮರೈಕೆ ಒಂದು ಪರೀಕ್ಷೆ ಇಟ್ಲು. ಇನ್ನೂರು ವರ್ಷದ ಹಿಂದಿನ, ಇಂಗ್ಲೆಂಡಿನ ರೀಜೆನ್ಸಿ ಕಾಲದ ಥರದ ಹೊಸ ಗೌನು ಹೊಲಿಯಬೇಕು, ಬಿಳೀ ಮಸ್ಲಿನ್ನು, ಎದೆ ಕೆಳಗೇ ಸೊಂಟ. ಶನಿವಾರ ನಟಿಗೆ ಸರಿಯಾಗಿ ಕೂತ್ರೆ ಕೆಲಸ ಇವಳದ್ದು.

ನಟಿಯ ಅಳತೆ ಕಾಗದದಲ್ಲಿ ಬರೆದುಕೊಟ್ಲು. ನಮ್ಮ ಟೈಲರ್‌ಗಳಿಗೆ ಕಾಗದ ನೋಡಿದ್ರೆ ಕೈ ಓಡುತ್ತಾ? ಅಳತೆ ಬ್ಲೌಸ್ ಬೇಕು! ಅದಕ್ಕೇ ಇವಳು ಬಟ್ಟೆ ಕೋಣೆ ಕಪಾಟಿನ ಪೆಟ್ಟಿಗೆಯಿಂದ ಆ ಕಾಲದ ಅಸಲಿ ಗೌನೊಂದನ್ನ ಯಾರಿಗೂ ಹೇಳದೆ ಎತ್ಕೊಂಡು ಬಂದಿದ್ಲು, ಮಾದರಿಗೆ.

ಸೋಮವಾರ ರಾತ್ರಿ ಹೊಸ ಗೌನನ್ನ ನಟಿಯ ಎದೆ ಸುತ್ತಳತೆ ಮೂವತ್ತಾರು ಇಂಚಿಗೆ ಹೊಲಿದು ಮಲಗಿದ್ಲು. ಬೆಳಗ್ಗೆ ಟೇಪು ಹಿಡಿದ್ರೆ... ಮೂವತ್ತು! ಪಕ್ಕದ ಹೊಲಿಗೆ ಯಾರೋ ಒಳಗೆ ತಗೊಂಡಿದ್ದಾರೆ. ಕೈಹೊಲಿಗೆ, ಎಳ್ಳಿಗಿಂತ ಸಣ್ಣದು. ಬಿಚ್ಚಿದ್ಲು, ಹೊಲಿದ್ಲು. ಬುಧವಾರ ಬೆಳಗ್ಗೆ ಮತ್ತೆ ಮೂವತ್ತು. ಗುರುವಾರವೂ. ಬಿಚ್ಚಿ ಬಿಚ್ಚಿ ಬಟ್ಟೆ ಪಿಂಜಿಹೋಗ್ತಿದೆ, ಇವಳ ತಲೆ ಕೆಟ್ಟು ಹೋಗಿದೆ.

"ನಿದ್ದಿಗಣ್ಣಾಗ ನೀನ ಹೊಲಿದಿರ್ಬೇಕ ನೋಡು," ಅಂದ ಈಶಾನ್.

"ನಿದ್ದಿಗಣ್ಣಾಗ ಇಷ್ಟ ಸಣ್ಣ ಹೊಲಿಗಿ ಹಾಕಾಕ ಬರ್ತಿದ್ರ, ಎಚ್ಚರ ಇದ್ದಾಗ ಯಾಕ ಒದ್ದಾಡ್ತಿದ್ದೆ? ಸುಮ್ನ ಮಲಕ್ಕೋ!"

ಸಿಟ್ಟಲ್ಲೇ ಆ ಹಳೇ ಗೌನಿಗೆ ಟೇಪು ಸುತ್ತಿದ್ಲು. ಮೂವತ್ತು... ಆಗ ಹೊಳೀತು. ಅಳತೆ ಬಟ್ಟೆ ಯಾರದ್ದೋ, ಹೊಸ ಬಟ್ಟೆ ಅವರಿಗೇ ಅಲ್ವಾ? ಆ ಹಳೇ ಗೌನಿನೋಳು ಹೊಸದು ತನಗೇ ಅಂದ್ಕೊಂಡಿದ್ದಾಳೆ; ಹುಬ್ಬಳ್ಳಿ ಗಿರಾಕಿ ಆಗಿದ್ರೂ ಹಂಗೇ ಅಂದ್ಕೊಳ್ಳೋಳು.

ಶುಕ್ರವಾರ ರಾತ್ರಿ ದೀಪ ಆರಿಸಿ ಮೂಲೆಯಲ್ಲಿ ಕೂತ್ಲು. ಎರಡು ಗಂಟೆಗೆ ಶುರುವಾಯ್ತು. ಪುಚ್... ಸೂಜಿ ಬಟ್ಟೆ ಹೊಕ್ಕ ಸದ್ದು. ಸುಯ್ಯ್... ದಾರ ಎಳೆದ ಸದ್ದು. ಪುಚ್... ಸುಯ್ಯ್... ಭಯಕ್ಕಿಂತ ಹೊಟ್ಟೆ ಉರೀತು ಅವಳಿಗೆ. ಅಳುನೂ ಬಂತು.

"ಅದು ನಿಂದಲ್ಲ ಯವ್ವಾ," ಅಂತ ಪಿಸುಗುಟ್ಟಿದ್ಲು. "ಮೂರ್ ವರ್ಷಕ್ಕ ಒಂದ್ ಕೆಲಸ ಸಿಗಾಕತ್ತೇತಿ. ಕೆಡಿಸಬ್ಯಾಡ."

ಪುಚ್... ಸುಯ್ಯ್...

"ನಿಂಗ ಬ್ಯಾರೇದ ಹೊಲಿದ ಕೊಡ್ತೀನಿ. ಮುಂದಿನ ಶನಿವಾರ. ಗ್ಯಾರಂಟಿ!"

ಸದ್ದು ನಿಂತು ಹೋಯ್ತು.

ಬೆಳಗ್ಗೆ ಮೂವತ್ತಾರು. ನಟಿಗೆ ಗೌನು ಅಚ್ಚು ಹೊಯ್ದಂಗೆ ಕೂತಿತು. ಮರೈಕೆ ಕೈ ಕುಲುಕಿ, ಸೋಮವಾರದಿಂದ ಬಾ ಅಂದ್ಲು. ಅಕ್ಷಯಾ ಹಳೇ ಗೌನನ್ನ ಮೆಲ್ಲಗೆ ಪೆಟ್ಟಿಗೆಗೆ ಸೇರಿಸಿ ಬಂದ್ಲು.

ಆಮೇಲೆ ಹೊಸ ಕೆಲಸ, ಹೊಸ ಖುಷಿ. ಮುಂದಿನ ಶನಿವಾರ ಬಂತು, ಹೋಯ್ತು. ಎಷ್ಟು ಗಿರಾಕಿಗಳಿಗೆ ಹೀಗೆ ಗ್ಯಾರಂಟಿ ಕೊಟ್ಟಿದ್ಲೋ, ಇದೂ ಮರೆತೇ ಹೋಯ್ತು.

ಭಾನುವಾರ ಬೆಳಗ್ಗೆ ನಮ್ಮನೆ ಪೂಜೆಗೆ ಬರಬೇಕಿತ್ತು. ಬರಲಿಲ್ಲ, ಫೋನ್ ಮಾಡಿದ್ಲು. ಬೇಗ ಬಾ ಅಂದ್ಲು. ಓಡಿ ಹೋದೆ. ಮಂಚದ ತುಂಬಾ ಅವಳ ಸೀರೆ ಬ್ಲೌಸ್‌ಗಳು, ಒಟ್ಟು ಹದಿನೆಂಟು. ಒಂದೂ ಮೈಗೆ ಹತ್ತುತ್ತಿಲ್ಲ. ನಾನೇ ಟೇಪು ಹಿಡಿದೆ, ಒಂದೊಂದಾಗಿ. ಹದಿನೆಂಟೂ ಮೂವತ್ತು.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆದ್ರೆ ಕೊನೇ ಬ್ಲೌಸಿನ ದಾರ ಹಲ್ಲಲ್ಲಿ ಕಡಿದಿತ್ತು. ಈ ಬೆರಳಲ್ಲೇ ಮುಟ್ಟಿ ನೋಡಿದೀನಿ ನಾನು... ಎಂಜಲು ಇನ್ನೂ ಆರಿರಲಿಲ್ಲ.