ಎರಡೂ ಕಾಲು ಸಮ

ಕಾಲಿನ ಬಲ ಇನ್ನೊಂದು ಸಲ ಅಳೀಬೇಕಾ? ಯಾಕೆ ಡಾಕ್ಟರ್ ಮೇಡಂ? ಹುಡುಗಿ ಈಗ ತಾನೇ ನಿಮ್ಮ ಆ ಕುರ್ಚೀಲಿ ಕೂತು, ಬೆಲ್ಟ್ ಬಿಗಿಸ್ಕೊಂಡು, ಒಂದೊಂದು ಕಾಲಲ್ಲೂ ಐದೈದು ಸಲ ಒದ್ದು, ಬೆವರು ಒರೆಸ್ಕೊಂಡು ಹೊರಗೆ ಹೋದಳು. ಕಾಗದ ಬಂತು. ನಿಮ್ಮ ಮೆಷಿನ್ನೇ ಬರೆದದ್ದು, ನಾನು ಬರೆದದ್ದಲ್ಲ. ಬಲಗಾಲಿನ ಬಲ ನೂರ ಇಪ್ಪತ್ತೆಂಟು, ಎಡಗಾಲಿಂದು ನೂರ ಇಪ್ಪತ್ತೈದು. ಎರಡೂ ಕಾಲು ಸಮ. ನೂರಕ್ಕೆ ಹತ್ತರ ಒಳಗೆ ವ್ಯತ್ಯಾಸ ಇದ್ರೆ ಜೂಡೋ ಆಡಬಹುದು ಅಂತ ನೀವೇ ಗೋಡೆ ಮೇಲೆ ಅಂಟಿಸಿದೀರಿ. ಇಲ್ಲಿ ಮೂರೂ ಇಲ್ಲ. ಸಹಿ ಹಾಕಿ ಕೊಟ್ಬಿಡಿ. ನಾಳೆ ಆಯ್ಕೆ ಪಂದ್ಯ. ಬೆಳಿಗ್ಗೆ ತೂಕ ನೋಡೋ ಹೊತ್ತಿಗೆ ಈ ಕಾಗದ ಕೈಲಿಲ್ಲ ಅಂದ್ರೆ ಅವಳನ್ನ ಒಳಗೇ ಬಿಡಲ್ಲ.

ಸುಮ್ನೆ ಪೆನ್ನು ತಿರುಗಿಸ್ತಾ ಕೂತ್ರೆ ನಾನೇನಂತ ತಿಳ್ಕೋಬೇಕು? ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೇಜಿನ ಮೇಲೆ ಎರಡು ಲೋಟ ಚಹಾ ಯಾಕಿದೆ? ಒಂದು ನಿಮ್ಮದು. ಇನ್ನೊಂದು? ಆ ಗಡ್ಡದವನು ಬಂದಿದ್ದ ತಾನೆ? ಆಚೆ ಬೀದಿ ಕ್ಲಬ್ಬಿನ ಕೋಚು. ಮೆಟ್ಟಿಲಲ್ಲಿ ಎದುರಾದ, ನನ್ನ ನೋಡಿ ಹಲ್ಲು ಕಿರಿದ. ಹದಿನೈದು ವರ್ಷದಲ್ಲಿ ಆ ಮನುಷ್ಯ ನನ್ನ ನೋಡಿ ನಕ್ಕದ್ದೇ ಇಲ್ಲ. ಅವನ ಶಿಷ್ಯೇನೂ ಇದೇ ತೂಕದಲ್ಲಿ ಆಡ್ತಾಳೆ. ನಮ್ಮ ಚೂಟಿ ನಿಂತುಹೋದ್ರೆ ಅವಳಿಗೆ ಎದುರೇ ಇಲ್ಲ. ನನಗೂ ಎರಡಕ್ಕೆ ಎರಡು ಕೂಡಿಸೋಕೆ ಬರುತ್ತೆ... ಯಾಕೆ ನಗ್ತೀರಿ? ಅವನ ಲೋಟ ಅಲ್ವಾ? ನನ್ನ ಕಡೆ ಯಾಕೆ ತಳ್ತಿದೀರಿ... ಓ. ನನಗೇ ತರಿಸಿದ್ದಾ. ಆರಿ ಹೋಗಿದೆ. ಇರಲಿ ಬಿಡಿ, ಕುಡೀತೀನಿ.

ಆದ್ರೂ ನನ್ನ ಅನುಮಾನ ನನಗೆ. ನಲವತ್ತು ವರ್ಷದಿಂದ ಜೂಡೋ ಅಂತ ಜನರ ಕೊರಳಪಟ್ಟಿ ಹಿಡಿದು ಬದುಕಿದವನು ನಾನು, ಯಾರನ್ನೂ ಸುಲಭಕ್ಕೆ ನಂಬಲ್ಲ. ಚೂಟಿ ನನ್ನ ತಂಗಿ ಮಗಳು. ಅಭ್ಯಾಸದಲ್ಲಿ ಸರ್ ಅಂತಾಳೆ, ಮನೇಲಿ ಮಾವ. ಈಗ ಇಪ್ಪತ್ತಾರು. ಈ ಸಲ ತಂಡಕ್ಕೆ ಸೇರದಿದ್ರೆ ಇನ್ನು ಯಾವತ್ತೂ ಇಲ್ಲ, ಅದು ಅವಳಿಗೂ ಗೊತ್ತು. ಅವಳ ಪಟ್ಟು ನೋಡಿದೀರಾ ನೀವು? ಎದುರಿನವಳನ್ನ ಎಳ್ಕೊಂಡು, ಎಡಗಾಲ ಮೇಲೆ ಒಂಟಿ ನಿಂತು, ಬಲಗಾಲನ್ನ ಹಿಂದಕ್ಕೆ ಬೀಸಿ ಎತ್ತಿ ಒಗೀತಾಳೆ. ಆ ಒಂದು ಕ್ಷಣ ಇಬ್ಬರ ಭಾರವೂ ಅದೊಂದೇ ಮಂಡಿ ಮೇಲೆ... ಯಾಕೆ ತಲೆ ಎತ್ತಿದ್ರಿ? ಮಂಡಿ ಅಂದದ್ದಕ್ಕಾ? ಎಲ್ಲರಿಗೂ ಇರುತ್ತೆ ಮಂಡಿ.

ಇದೇನು ಇನ್ನೊಂದು ಕಾಗದ? ಹೋದ ವರ್ಷದ್ದಾ... ಬಲಗಾಲು ನೂರ ಎಪ್ಪತ್ತೆರಡು. ಎಡಗಾಲು ನೂರ ಅರವತ್ತಾರು. ಸರಿ, ಅದಕ್ಕೇನೀಗ? ಕಮ್ಮಿಯಾಗಿದೆ. ತೂಕ ಇಳಿಸ್ತಿದಾಳೆ, ಎರಡು ದಿನದಿಂದ ನೆಟ್ಟಗೆ ಊಟ ಇಲ್ಲ. ನಿಮ್ಮ ಮೆಷಿನ್ನೇ ಕೆಟ್ಟಿರಬಹುದು. ಬೆಲ್ಟ್ ಸಡಿಲ ಕಟ್ಟಿರಬಹುದು, ಬೇಕಂತಲೇ ಅಂತ ನಾನು ಅನ್ನಲ್ಲ... ಇವತ್ತಿನ ಕಾಗದದ ಮೇಲೆ ಬೆರಳು ಯಾಕೆ ಇಡ್ತೀರಿ? ಬಲಗಾಲಿನ ಗೆರೆ, ಒಂದೊಂದು ಒದೆಗೆ ಒಂದೊಂದು. ನೋಡಿದೆ. ಒಂದು ಎತ್ತರ, ಒಂದು ತಗ್ಗು, ಒಂದು ನಡುವೆ. ಗೊತ್ತು, ಪೂರ್ತಿ ಜೋರಲ್ಲಿ ಒದ್ರೆ ಐದು ಗೆರೆಯೂ ಒಂದರ ಮೇಲೊಂದು ಕೂರಬೇಕು. ಎಡಗಾಲಿಂದು ಕೂತಿದೆ. ಬಲಗಾಲಿಂದು ಕೂತಿಲ್ಲ. ಅಂದ್ರೆ? ಎಡಗಾಲು ಸೋತಿದೆ ಅಂತ ತೋರಬಾರದು ಅಂತ ಒಳ್ಳೇ ಕಾಲನ್ನೇ ಅವಳು ತಡೆದು ಒದ್ದಳು ಅಂತೀರಾ? ಅಂಥಾ ಬುದ್ಧಿ ಯಾರು ಹೇಳಿಕೊಡ್ತಾರೆ ಮೇಡಂ? ಯಾರು ಹೇಳಿಕೊಡ್ತಾರೆ?

ಹಾಗೆ ನೋಡಬೇಡಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಜಾತಿ ಅಲ್ಲ ನಾನು... ಹೌದು, ನೀವು ಏನೂ ಅಂದಿಲ್ಲ. ಕಾಗದ ಇಟ್ರಿ, ಬೆರಳು ತೋರಿಸಿದ್ರಿ, ಅಷ್ಟೇ. ಅಂದದ್ದೆಲ್ಲಾ ನಾನೇ.

ಕಿಟಕೀಲಿ ಏನಿದೆ? ಯಾರು... ಚೂಟಿ. ಮೆಟ್ಟಿಲು ಇಳೀತಿದಾಳೆ. ಕಂಬಿ ಹಿಡ್ಕೊಂಡು ಎಡಗಾಲು ಇಳಿಸ್ತಾಳೆ, ಬಲಗಾಲನ್ನ ಪಕ್ಕಕ್ಕೆ ತಂದು ಇಡ್ತಾಳೆ. ಮತ್ತೆ ಎಡಗಾಲು. ನಮ್ಮಜ್ಜಿ ಇಳೀತಿದ್ದದ್ದು ಹಾಗೆ. ಯಾರೂ ನೋಡ್ತಿಲ್ಲ ಅಂದ್ಕೊಂಡಿದಾಳೆ, ಪಾಪ.

ಮೂರು ವಾರ ಆಯ್ತು ಮೇಡಂ. ಅವತ್ತು ಜೊತೆಯ ಹುಡುಗೀರು ಯಾರೂ ಬಂದಿರಲಿಲ್ಲ, ನಾನೇ ಎದುರು ನಿಂತೆ. ಎಂಬತ್ತೆಂಟು ಕೇಜಿ ಆಳು. ಅವಳು ಎತ್ತಿದಾಗ ಸುಮ್ನೆ ಬೀಳಬೇಕಿತ್ತು, ಅಭ್ಯಾಸ ಅಂದ್ರೆ ಅದೇ ತಾನೆ. ಬೀಳಲಿಲ್ಲ. ನಾನು ಎತ್ತಾಡಿಸಿದ ಕೂಸಿನ ಕೈಲಿ ಬೀಳೋದಾ ಅಂತ ಮೈ ಒಪ್ಪಲಿಲ್ಲ, ಬಿಗಿಹಿಡಿದು ತಡ್ಕೊಂಡೆ. ಅವಳ ಮಂಡಿ ಒಳಗೆ ಟಕ್ ಅಂತು, ನನಗೇ ಕೇಳಿಸ್ತು. ಅಳಲಿಲ್ಲ ಅವಳು. ಮಾವ, ಅಮ್ಮಂಗೆ ಹೇಳ್ಬೇಡ ಅಂದಳು. ನನಗೂ ಅದೇ ಬೇಕಿತ್ತು. ಆಮೇಲೆ ಹಜಾರದಲ್ಲಿ ಕುರ್ಚಿ ಹಾಕಿ ಹತ್ತು ದಿನ ಕಲಿಸಿದೆ, ಒಳ್ಳೇ ಕಾಲಲ್ಲಿ ಮುಕ್ಕಾಲು ಒದಿ ಸಾಕು, ಮುಕ್ಕಾಲು ಅಂತ. ಚೆನ್ನಾಗಿ ಕಲಿತಳು. ನಾನು ಹೇಳಿದ್ದನ್ನ ಅವಳು ಯಾವತ್ತೂ ಮೀರಿದವಳಲ್ಲ.

ನಾಳೆ ಅವಳು ಆ ಕಾಲ ಮೇಲೆ ಇಬ್ಬರ ಭಾರ ಹೊತ್ತು ನಿಂತ್ರೆ ಏನಾಗುತ್ತೆ ಅಂತ ನಿಮಗಿಂತ ಚೆನ್ನಾಗಿ ನನಗೆ ಗೊತ್ತು. ಗೊತ್ತಿದ್ದೇ ಬಂದೆ. ನೀವು ಮೋಸಗಾರರು ಆಗಿದ್ರೆ ನನಗೆ ಎಷ್ಟೋ ಹಗುರ ಆಗ್ತಿತ್ತು.

ಏನಾದ್ರೂ ಅನ್ನಿ. ಬೇಕಾದ್ರೆ ಬೈಯಿರಿ... ಆ ಕಾಗದ ಇತ್ತ ಕೊಡಿ. ಇಲ್ಲ, ಹರಿಯಲ್ಲ. ಹಿಂದುಗಡೆ ನಾನೇ ಬರೀತೀನಿ, ಮಂಡಿಗೆ ಪೆಟ್ಟಾಗಿದೆ, ಮಾಡಿದ್ದು ನಾನು ಅಂತ. ಪೆನ್ನು ಕೊಡಿ.

ಅವಳನ್ನ ಮೇಲೆ ಕರೆದು ನೀವೇ ಹೇಳ್ತೀರಾ? ಬೇಡ ಬಿಡಿ. ಮತ್ತೆ ಅಷ್ಟು ಮೆಟ್ಟಿಲು ಹತ್ತಿಸೋದು ಬೇಡ. ನಾನೇ ಕೆಳಗೆ ಹೋಗ್ತೀನಿ.